ಜೋಳಿಗೆ ಹೊತ್ತ ಗೆಳೆಯರಿಗೆ ದಾರಿ ಬಿಡಿ

ಬೆನ್ನಿಗೆ ಚೀಲ ಏರಿಸಿಕೊಂಡು ನಾಲ್ಕಾರು ಗೆಳೆಯರು ಒಂದು ದ್ವೀಪಕ್ಕೆ ಹೋಗಿಬರುವುದು ಅಂಥ ದೊಡ್ಡ ಸಂಗತಿಯೇನಲ್ಲ. ಆದರೆ ಈ ಸಣ್ಣ ಸಂಗತಿಗೆ ನಮ್ಮಲ್ಲಿ ಎರಡು ನಿಘಂಟುಗಳಿವೆ. ಚೀಲ ಹೊತ್ತವನು ಬಿಳಿಯನಾಗಿದ್ದರೆ ಅವನು ಪ್ರವಾಸಿ, ನಾಡಿನ ಅತಿಥಿ. ಬೆಂಗಳೂರಿನ ಕಂಪನಿಯೊಂದರ ನೌಕರನಾಗಿದ್ದರೆ ಅವನು ಸಾಹಸಿ, ನಿಸರ್ಗಪ್ರೇಮಿ. ಅದೇ ಚೀಲ ಹರದನಹಳ್ಳಿಯಂಥ ಊರಿನ ಕೂಲಿಕಾರನ ಮಗನ ಬೆನ್ನಿಗೆ ಬಂತೆಂದರೆ ಅವನು ತಿರುಬೋಕಿ, ಪೋಲಿ. ನಮ್ಮ ಮೊಹಲ್ಲಾಗಳ ಉರ್ದುವಿನಲ್ಲಿ ಆವಾರಾ. ಅವನ ಜೊತೆಯಲ್ಲಿ ಬೇರೆ ಧರ್ಮದ ಗೆಳೆಯನಿದ್ದರೆ ಅನುಮಾನ. ಗೆಳತಿಯಿದ್ದರೆ ಅಪರಾಧ. ಈ ಎರಡನೆಯ ನಿಘಂಟನ್ನು ಬರೆದವರು ಯಾರು, ಅದನ್ನು ನಮ್ಮ ಮಕ್ಕಳ ಮೇಲೆ ಹೇರುವ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು ಎಂಬುದು ನಮ್ಮ ಪ್ರಶ್ನೆ.

ಈ ಪ್ರಶ್ನೆ ಎತ್ತಿದ ಕೂಡಲೇ ಬರುವ ಮೊದಲ ಉತ್ತರ ನಮಗೆ ಗೊತ್ತು: "ಇದೆಲ್ಲ ನಮ್ಮ ಸಂಸ್ಕೃತಿಯಲ್ಲ, ಹೊರಗಿನಿಂದ ಬಂದ ಚಾಳಿ." ಹೀಗೆನ್ನುವವರು ಒಮ್ಮೆ ಹರದನಹಳ್ಳಿಗೆ ಬರಬೇಕು. ಚಾಮರಾಜನಗರದ ಮಗ್ಗುಲಲ್ಲೇ ಇರುವ ಊರು. ಹರದ ಎಂದರೆ ವ್ಯಾಪಾರಿ ಎನ್ನುತ್ತದೆ ಹಳಗನ್ನಡ. ಊರಿಂದೂರಿಗೆ ಸರಕು ಹೊತ್ತು ತಿರುಗುವವನ ಹೆಸರು ಊರಿನ ಹೆಸರಿನಲ್ಲೇ ಕೂತಿದೆ. ತೋಂಟದ ಸಿದ್ಧಲಿಂಗ ಯತಿಗಳನ್ನು ಪರಂಪರೆ ಇದೇ ಊರಿನವರೆಂದು ಹೇಳುತ್ತದೆ. ಗೋಸಲ ಚನ್ನಬಸವೇಶ್ವರರ ಶಿಷ್ಯರಾಗಿದ್ದ ಅವರು ಊರಲ್ಲೇ ಪೀಠ ಹಾಕಿಕೊಂಡು ಕೂತವರಲ್ಲ. 701 ವಿರಕ್ತರೊಡನೆ ನಾಡೆಲ್ಲ ಸುತ್ತಿದರು, ಕೊನೆಗೆ ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ನಿಂತರು ಎಂಬುದು ವೀರಶೈವ ಪರಂಪರೆಯ ನಂಬಿಕೆ. ಐನೂರು ವರ್ಷಗಳ ಹಿಂದೆ ನೂರಾರು ಜನ ಜೊತೆಗೂಡಿ, ಜೋಳಿಗೆ ಹೊತ್ತು, ಸಿಕ್ಕಲ್ಲಿ ಉಂಡು, ಸಿಕ್ಕಲ್ಲಿ ಮಲಗಿ, ದಾರಿಯುದ್ದಕ್ಕೂ ಚರ್ಚೆ ಮಾಡುತ್ತ ನಡೆದರಲ್ಲ, ಅವರಿಗೆ ಈ ಚಾಳಿಯನ್ನು ಯಾವ ವಿದೇಶದವರು ಕಲಿಸಿದ್ದರು?

ನಮ್ಮ ಸೀಮೆಯ ಸಂಸ್ಕೃತಿ ಕೂತವರಿಗಿಂತ ತಿರುಗಿದವರಿಂದ ಬೆಳೆದದ್ದು. ಮಂಟೇಸ್ವಾಮಿಯ ನೀಲಗಾರರು ತಂಬೂರಿ ಹಿಡಿದು ಊರೂರು ಅಲೆಯದೇ ಹೋಗಿದ್ದರೆ ಆ ಮಹಾಕಾವ್ಯ ಇಂದು ನಮಗೆ ಸಿಗುತ್ತಿರಲಿಲ್ಲ. ಮಾದಪ್ಪನ ದೇವರ ಗುಡ್ಡರು ಕಂಸಾಳೆ ಬಡಿಯುತ್ತ ಮನೆ ಮುಂದೆ ನಿಂತರೆ ಭಿಕ್ಷೆ ಹಾಕುವ ಕೈ ಇವತ್ತಿಗೂ ಇದೆ. ಹಸಿರು ಪೇಟದ ಫಕೀರರು ದಫ್ ಬಾರಿಸುತ್ತ ಬಂದಾಗ ಅಕ್ಕಿ ತಂದುಕೊಡುತ್ತಿದ್ದವರು ಬರೀ ಮುಸಲ್ಮಾನರ ಮನೆಯವರಲ್ಲ. ಶಿವರಾತ್ರಿ ಬಂತೆಂದರೆ ಕನಕಪುರ, ರಾಮನಗರ ಕಡೆಯಿಂದ ಸಾವಿರಾರು ಜನ ಬುತ್ತಿಗಂಟು ಹೊತ್ತು, ಕಾವೇರಿಯನ್ನು ಕಾಲ್ನಡೆಯಲ್ಲೇ ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಾರೆ. ಕೇರಿಯ ಗೆಳೆಯರು, ಗದ್ದೆಯ ಜೊತೆಗಾರರು, ಓರಗಿತ್ತಿಯರು ಹೀಗೆ ಗುಂಪುಗುಂಪಾಗಿ ನಡೆಯುತ್ತಾರೆ. ಬೆನ್ನಿನ ಚೀಲ ನೈಲಾನಿನದಾದ ಮಾತ್ರಕ್ಕೆ ಅದು ಪರದೇಶಿಯಾಗುವುದಾದರೆ, ಅದನ್ನು ಟೀಕಿಸುವವರ ಕೈಯಲ್ಲಿರುವ ಮೊಬೈಲು ಯಾವ ಅಗ್ರಹಾರದಲ್ಲಿ ತಯಾರಾಯಿತು?

"ಅದು ಭಕ್ತಿ, ಇದು ಮೋಜು" ಎಂಬುದು ಎರಡನೆಯ ಉತ್ತರ. ಜಾತ್ರೆ ಉರುಸುಗಳನ್ನು ದೂರದಿಂದ ನೋಡಿದವರು ಮಾತ್ರ ಹೀಗೆ ಹೇಳಬಲ್ಲರು. ದೇವರಿಗೆ ಕಾಯಿ ಒಡೆಸಿದವನು, ದರ್ಗಾಕ್ಕೆ ಚಾದರ ಹೊದಿಸಿದವನು ಅಲ್ಲಿಂದ ನೇರ ಮನೆಗೆ ಹೋಗುವುದಿಲ್ಲ. ಕಡಲೆಪುರಿ ಕೊಳ್ಳುತ್ತಾನೆ, ತೊಟ್ಟಿಲು ಹತ್ತುತ್ತಾನೆ, ನಾಟಕದ ಡೇರೆಗೋ ಕವ್ವಾಲಿಗೋ ನುಗ್ಗುತ್ತಾನೆ, ಬೆಳಗಿನವರೆಗೆ ಗೆಳೆಯರ ಜೊತೆ ಹರಟುತ್ತಾನೆ. ನಮ್ಮ ಜನ ಭಕ್ತಿಯನ್ನೂ ಮೋಜನ್ನೂ ಒಂದೇ ಬುತ್ತಿಯಲ್ಲಿ ಕಟ್ಟಿಕೊಂಡು ಹೋದವರು. ಇವೆರಡನ್ನು ಬೇರೆ ಮಾಡಿ, ಒಂದಕ್ಕೆ ಪರವಾನಗಿ ಕೊಟ್ಟು ಇನ್ನೊಂದಕ್ಕೆ ದೊಣ್ಣೆ ಎತ್ತುವುದು ಇತ್ತೀಚಿನವರ ಕೆಲಸ.

ದ್ವೀಪವೆಂದರೆ ಉಪ್ಪುನೀರಿನ ನಡುವೆಯೇ ಇರಬೇಕೆಂದಿಲ್ಲ. ಯಳಂದೂರು, ಕೊಳ್ಳೇಗಾಲ ದಾಟಿ ಮುಂದೆ ಹೋದರೆ ಕಾವೇರಿ ಎರಡಾಗಿ ಸೀಳಿ ಶಿವನಸಮುದ್ರವೆಂಬ ದ್ವೀಪವನ್ನು ಮಾಡಿಟ್ಟಿದ್ದಾಳೆ. ಒಂದು ಕವಲು ಗಗನಚುಕ್ಕಿಯಾಗಿ ಬೀಳುತ್ತದೆ, ಇನ್ನೊಂದು ಭರಚುಕ್ಕಿಯಾಗಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋದದ್ದು ಇಲ್ಲಿಂದಲೇ. ಈ ದ್ವೀಪದ ಮೇಲೆ ರಂಗನಾಥ ಮಲಗಿದ್ದಾನೆ; ಶ್ರೀರಂಗಪಟ್ಟಣದ ಆದಿರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ನಡುವಿನವನಾದ ಮಧ್ಯರಂಗ. ಅದೇ ದ್ವೀಪದಲ್ಲಿ ಹಜರತ್ ಮರ್ದಾನೆ ಗೈಬ್ ಅವರ ದರ್ಗಾ ಇದೆ. ರಂಗನ ಭಕ್ತರು ಒಂದು ಕಾಲದಲ್ಲಿ ಗಗನಚುಕ್ಕಿ ನೋಡಲು ದರ್ಗಾದ ಕಡೆಗೇ ಬರುತ್ತಿದ್ದರು. ದರ್ಗಾಕ್ಕೆ ಬಂದವರು ಭರಚುಕ್ಕಿಯಲ್ಲಿ ಮಿಂದು ಹೋಗುತ್ತಿದ್ದರು. ನೀರಿನ ನಡುವೆ ಇಷ್ಟು ಸಣ್ಣ ನೆಲದ ಮೇಲೆ ದೇವರೂ ಪೀರನೂ ಹೊಂದಿಕೊಂಡು ಇರಬಲ್ಲರು. ಅವರನ್ನು ನೋಡಲು ಜೊತೆಯಾಗಿ ಹೋದ ಮಕ್ಕಳು ಮಾತ್ರ ಹೊಂದಿಕೊಂಡು ಇರಬಾರದೇ?

ಇನ್ನು ಉಪ್ಪುನೀರಿನ ದ್ವೀಪಗಳ ಮಾತು. 1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಟ್ಯಾಂಜಿಯರ್‌ನಿಂದ ಒಂಟಿಯಾಗಿ ಹೊರಟ ಇಬ್ನ್ ಬತೂತಾನಿಗೆ ದಾರಿಯೇ ಗೆಳೆಯರನ್ನು ಕೊಟ್ಟಿತು. ನಮ್ಮ ಹೊನ್ನಾವರಕ್ಕೂ ಬಂದಿದ್ದ ಅವನು ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದುದನ್ನು ಬರೆದಿಟ್ಟಿದ್ದಾನೆ. ಅನಂತರ ಮಾಲ್ದೀವ್ಸ್ ದ್ವೀಪಗಳಿಗೆ ಹೋದ. ಅಲ್ಲಿ ಅವನನ್ನು ಖಾಜಿ ಮಾಡಿದರು. ಖಾಜಿಯಾದದ್ದೇ ತಡ, ಊರೂರು ಅಲೆದ ಆ ಮುಸಾಫಿರ ದ್ವೀಪದ ಹೆಂಗಸರ ಉಡುಗೆಯನ್ನು ತಿದ್ದಲು ಹೊರಟ. ಅವರು ಅವನ ಮಾತು ಕೇಳಲಿಲ್ಲ ಎಂಬುದನ್ನು ಅವನೇ ಒಪ್ಪಿಕೊಂಡಿದ್ದಾನೆ. ಲೋಕ ಸುತ್ತಿದವನ ಕೈಗೂ ಅಧಿಕಾರ ಬಂದರೆ ಮೊದಲು ಕಾಣುವುದು ಹೆಂಗಸರ ಬಟ್ಟೆಯೇ. ಇನ್ನು ಊರೇ ಬಿಡದವರ ಪಾಡೇನು!

ಲಕ್ಷದ್ವೀಪವೂ ಕನ್ನಡ ನಾಡಿಗೆ ಪರಕೀಯವಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ಇರುವ ಅಮಿನ್‌ದೀವಿ ದ್ವೀಪಗಳು 18ನೇ ಶತಮಾನದ ಕೊನೆಯಲ್ಲಿ ಟೀಪುವಿನ ಆಳ್ವಿಕೆಗೆ ಬಂದಿದ್ದವು. 1799ರ ನಂತರ ಕಂಪನಿಯ ಕೈಗೆ ಹೋಗಿ, 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದ ತೆಂಗು, ನಾರು ಹೊತ್ತ ಓಡಗಳು ಮಂಗಳೂರಿನ ಬಂದರಿಗೆ ಬರುತ್ತಿದ್ದವು. ಅಕ್ಕಿ ತುಂಬಿಕೊಂಡು ಮರಳುತ್ತಿದ್ದವು. 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿಬಂದರು. ಮಾಲ್ದೀವ್ಸಿನ ಉಪಸಚಿವರು ಕೆಲವರು ನಾಲಗೆ ಹರಿಯಬಿಟ್ಟು ಅಮಾನತಾದರು. ಆ ಕೂಡಲೇ ನಮ್ಮಲ್ಲಿ ದೊಡ್ಡ ಕೂಗೆದ್ದಿತು: ಮಾಲ್ದೀವ್ಸಿಗೆ ಹೋಗಬೇಡಿ, ಲಕ್ಷದ್ವೀಪಕ್ಕೆ ಹೋಗಿ, ಅದೇ ದೇಶಪ್ರೇಮ! ಹೊರಗಿನವರು ಆ ದ್ವೀಪಗಳಿಗೆ ಕಾಲಿಡಬೇಕಾದರೆ 1967ರ ನಿಯಮದಂತೆ ಪರವಾನಗಿ ಪಡೆಯಬೇಕು ಎಂಬುದು ಕೂಗಿದವರಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ ಕಾಣೆವು. 2011ರ ಜನಗಣತಿಯಂತೆ ಅಲ್ಲಿ ನೂರಕ್ಕೆ 96 ಮಂದಿ ಮುಸ್ಲಿಮರು. ಮುಸ್ಲಿಮರ ದ್ವೀಪಕ್ಕೆ ಪ್ರವಾಸ ಹೋಗುವುದು ದೇಶಪ್ರೇಮವಾದರೆ, ಮುಸ್ಲಿಂ ಗೆಳೆಯನ ಜೊತೆ ಪ್ರವಾಸ ಹೋಗುವುದು ಅದು ಹೇಗೆ ಅಪರಾಧವಾಗುತ್ತದೆ?

ಇದು ಬರೀ ಮಾತಿಗೆ ಹೇಳಿದ್ದಲ್ಲ. 2023ರ ಜೂನ್ 1ರಂದು ಉಳ್ಳಾಲದ ಬಳಿಯ ಸೋಮೇಶ್ವರ ಕಡಲತೀರದಲ್ಲಿ ಗೆಳತಿಯರ ಜೊತೆ ಕೂತಿದ್ದ ಮೂವರು ಯುವಕರನ್ನು ಗುಂಪೊಂದು ಬಡಿಯಿತು. ಓದಲು ಬಂದಿದ್ದ ಮಕ್ಕಳು. ಅವರು ಮಾಡಿದ ತಪ್ಪು ಇಷ್ಟೇ: ಹುಡುಗರ ಧರ್ಮ ಒಂದು, ಹುಡುಗಿಯರದು ಇನ್ನೊಂದು. ಕರಾವಳಿಗೆ ಇದು ಹೊಸದಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್‌ನಲ್ಲಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು, 2018ರಲ್ಲಿ ಆರೋಪಿಗಳು ಖುಲಾಸೆಯಾದರು. 2012ರ ಜುಲೈ 28ರಂದು ಅದೇ ನಗರದ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಗೆಳೆಯರ ಮೇಲೆ ದಾಳಿಯಾಯಿತು. ಇಂಥದ್ದನ್ನು ತಡೆಯಲು ಮಂಗಳೂರಿನಲ್ಲಿ ಪೊಲೀಸರ ವಿಶೇಷ ದಳ ರಚಿಸುವುದಾಗಿ ಸರಕಾರವೇ 2023ರಲ್ಲಿ ಹೇಳಬೇಕಾಗಿ ಬಂತು. ಗೆಳೆಯರು ಜೊತೆಗೆ ಕೂರುವುದಕ್ಕೂ ಪೊಲೀಸ್ ದಳ ಬೇಕಾದ ಸಮಾಜವನ್ನು ನಾವು ಸುಸಂಸ್ಕೃತವೆಂದು ಕರೆದುಕೊಳ್ಳುತ್ತಿದ್ದೇವೆ!

ಇಷ್ಟು ಓದಿ ನಮ್ಮವರು ಕೆಲವರು ತಲೆದೂಗಿರಬಹುದು. ತಲೆದೂಗುವುದನ್ನು ಸ್ವಲ್ಪ ನಿಲ್ಲಿಸಿ. 2024ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ಲಿನ ಲಾಡ್ಜೊಂದಕ್ಕೆ ನುಗ್ಗಿದವರು ಯಾರು? ಹಿಂದೂ ಗೆಳೆಯನ ಜೊತೆ ತಂಗಿದ್ದ ಮುಸ್ಲಿಂ ಹೆಣ್ಣುಮಗಳನ್ನು ಹೊಡೆದು, ಮೊಬೈಲಿನಲ್ಲಿ ಚಿತ್ರೀಕರಿಸಿ, ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಮಾಡಿದರೆಂಬ ಆರೋಪ ಇರುವುದು ನಮ್ಮ ಹೆಸರುಗಳನ್ನೇ ಇಟ್ಟುಕೊಂಡವರ ಮೇಲೆ. ಸಮುದಾಯದ ಮಾನ ಕಾಯುತ್ತೇವೆಂದು ಹೊರಟವರು ಮಾಡಿದ್ದು ಇದಂತೆ! 2025ರ ಮೇ ತಿಂಗಳಲ್ಲಿ ಜಾಮೀನಿನ ಮೇಲೆ ಹೊರಬಂದ ಆರೋಪಿಗಳಿಗೆ ಕಾರು ಬೈಕುಗಳ ಮೆರವಣಿಗೆಯೂ ಆಯಿತು. ಸೋಮೇಶ್ವರದ ಗುಂಪನ್ನು ಖಂಡಿಸಿ ಹೇಳಿಕೆ ಕೊಡುವಾಗ ಇರುವ ನಮ್ಮ ಗಂಟಲು ಹಾನಗಲ್ಲಿನ ಹೊತ್ತಿಗೆ ಕಟ್ಟಿಕೊಂಡರೆ, ನಾವು ವಿರೋಧಿಸುತ್ತಿರುವುದು ದೊಣ್ಣೆಯನ್ನಲ್ಲ, ದೊಣ್ಣೆ ಹಿಡಿದವನ ಹೆಸರನ್ನು ಮಾತ್ರ. ಈ ಎರಡೂ ಗುಂಪುಗಳು ಒಂದನ್ನೊಂದು ಶತ್ರುವೆಂದು ತಿಳಿದಿವೆ. ಆದರೆ ಅವುಗಳ ಕೆಲಸ ಒಂದೇ, ಭಾಷೆ ಒಂದೇ. 'ನಮ್ಮ ಹುಡುಗಿ' ಎಂದು ಎರಡೂ ಹೇಳುತ್ತವೆ. ಆ ಹುಡುಗಿಯನ್ನು ಒಂದು ಮಾತು ಕೇಳುವ ಅಗತ್ಯ ಎರಡಕ್ಕೂ ಕಂಡಿಲ್ಲ.

ದೊಣ್ಣೆ ಎತ್ತುವವರು ಕೆಲವರೇ. ಆದರೆ ಅವರ ಕೆಲಸವನ್ನು ಸದ್ದಿಲ್ಲದೆ ನಡೆಸಿಕೊಡುವ ಕೌಂಟರುಗಳು ಊರೂರಲ್ಲಿವೆ. ನಾವು ಬರವಣಿಗೆಯ ಗೆಳೆಯರು ಐವರು ಒಮ್ಮೆ ಕರಾವಳಿಯ ಊರೊಂದಕ್ಕೆ ಹೋಗಿದ್ದೆವು. ಮರುದಿನ ದೋಣಿ ಹಿಡಿದು ದ್ವೀಪ ನೋಡುವ ಯೋಚನೆ. ಲಾಡ್ಜಿನಲ್ಲಿ ಮೊದಲು ಗುರುತಿನ ಚೀಟಿ ಕೊಟ್ಟವರು ನಮ್ಮ ಲಿಂಗಾಯತ ಗೆಳೆಯರು. "ಎರಡು ರೂಮಿದೆ ಸಾರ್" ಎಂದರು. ಎರಡನೆಯ ಚೀಟಿ ನಮ್ಮದು. ಅದನ್ನು ತಿರುಗಿಸಿ ಮುರುಗಿಸಿ ನೋಡಿದ ಮೇಲೆ, ಆ ರೂಮುಗಳು ಈಗ ತಾನೇ ಫೋನಿನಲ್ಲಿ ಬುಕ್ಕಾದವು ಎಂಬ ಸುದ್ದಿ ಬಂತು. ಫೋನು ರಿಂಗಾದದ್ದು ನಮಗಾರಿಗೂ ಕೇಳಿಸಿರಲಿಲ್ಲ. "ಮಂಚ ಕೇಳಿದ್ರೆ ಜಾತಿ ಕೇಳ್ತಾನಲ್ಲಪ್ಪ ಇವ್ನು" ಎಂದು ಗೆಳೆಯರು ತಮ್ಮ ಚೀಟಿಯನ್ನೂ ವಾಪಸು ಕಿತ್ತುಕೊಂಡರು. ಆ ರಾತ್ರಿ ಐವರೂ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕಳೆದೆವು. ನಡುವಯಸ್ಸಿನ, ಕೈಯಲ್ಲಿ ನಾಲ್ಕು ಕಾಸಿರುವ, ಜಗಳವಾಡಲು ಬಾಯಿರುವ ಗಂಡಸರ ಪಾಡು ಇದಾದರೆ, ಇಪ್ಪತ್ತು ವರ್ಷದ ಮಕ್ಕಳ ಗತಿಯೇನು?

ಕಾನೂನು ಈ ಕೌಂಟರಿನ ಪಕ್ಷದಲ್ಲಿ ಇಲ್ಲ. ಸಂವಿಧಾನದ 19ನೇ ವಿಧಿ ಪ್ರಜೆಗೆ ದೇಶದೊಳಗೆ ಎಲ್ಲೆಡೆ ಓಡಾಡುವ ಸ್ವಾತಂತ್ರ್ಯ ಕೊಟ್ಟಿದೆ. ಮದುವೆಯಾಗದ ಗಂಡು ಹೆಣ್ಣು ಹೋಟೆಲಿನಲ್ಲಿ ತಂಗಬಾರದೆಂಬ ಕಾನೂನೇ ಇಲ್ಲವೆಂದು ಮದ್ರಾಸ್ ಹೈಕೋರ್ಟು 2019ರ ಡಿಸೆಂಬರಿನಲ್ಲಿ ಹೇಳಿದೆ. ಆದರೆ ಹೈಕೋರ್ಟಿನ ಮಾತು ರಿಸೆಪ್ಷನ್ ಟೇಬಲ್ಲಿನವರೆಗೆ ನಡೆದು ಬರುವಷ್ಟರಲ್ಲಿ ಸುಸ್ತಾಗಿಬಿಡುತ್ತದೆ. ಇದೇ ನಾಡಿನಲ್ಲಿ ಛತ್ರ, ಅರವಟ್ಟಿಗೆ, ಮುಸಾಫಿರ್‌ಖಾನೆ ಕಟ್ಟಿಸುವುದು ಪುಣ್ಯದ, ಸವಾಬಿನ ಕೆಲಸವಾಗಿತ್ತು. ಜಕಾತ್ ಪಡೆಯಲು ಅರ್ಹರಾದ ಎಂಟು ಬಗೆಯ ಜನರಲ್ಲಿ ದಾರಿಹೋಕನೂ ಒಬ್ಬ. ಅವನು ಯಾಕೆ ಹೊರಟ, ಯಾರ ಜೊತೆ ಹೊರಟ ಎಂದು ವಿಚಾರಣೆ ಮಾಡಿ ಆಮೇಲೆ ನೀರು ಕೊಡಿ ಎಂದು ಯಾವ ಧರ್ಮವೂ ಹೇಳಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಬಾಗಿಲು ಮನೆಯದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಟಿಕೆಟ್ಟು ಉಚಿತವಾದಾಗ ನಡೆದ ಗೇಲಿಯನ್ನು ನೆನಪಿಸಿಕೊಳ್ಳಿ. ಅಡುಗೆ ಮಾಡುವವರಿಲ್ಲ, ಹೆಂಗಸರೆಲ್ಲ ಬಸ್ಸಿನಲ್ಲೇ ಇದ್ದಾರೆ ಎಂದು ಎಷ್ಟು ಜೋಕು, ಎಷ್ಟು ವ್ಯಂಗ್ಯಚಿತ್ರ! ಅಲ್ಲಿಯವರೆಗೆ ತವರಿಗೆ, ಆಸ್ಪತ್ರೆಗೆ, ಸಾವಿಗೆ ಮಾತ್ರ ಬಸ್ಸು ಹತ್ತಿದ್ದ ಹೆಂಗಸರು ಗೆಳತಿಯರನ್ನು ಕಟ್ಟಿಕೊಂಡು ಮಾದಪ್ಪನ ಬೆಟ್ಟಕ್ಕೋ ಶಿವನಸಮುದ್ರಕ್ಕೋ ಹೋದರೆ ಗಂಡಸರ ಸೀಟಿಗೆ ತೊಂದರೆಯಾಯಿತಂತೆ. ಸೀಟಿನ ತೊಂದರೆಗೆ ಇನ್ನೊಂದು ಬಸ್ಸು ಬಿಡಬಹುದು. ಹೆಂಗಸರು ಕೆಲಸವಿಲ್ಲದೆ ಸಂತೋಷಕ್ಕಾಗಿ ಹೊರಟದ್ದೇ ಸಹಿಸದ ಮನಸ್ಸಿಗೆ ಯಾವ ಡಿಪೋದಲ್ಲಿ ಮದ್ದಿದೆ?

ನಮ್ಮ ಮನೆಗಳಲ್ಲಿ ಇದಕ್ಕೆ ಮಹ್ರಮ್ ಎಂಬ ಬೀಗವಿದೆ. ಅಪ್ಪ, ಅಣ್ಣ, ಗಂಡ, ಮಗ ಹೀಗೆ ಯಾರಾದರೊಬ್ಬ ಗಂಡಸು ಜೊತೆಗಿಲ್ಲದೆ ಹೆಣ್ಣು ದೂರ ಹೋಗಕೂಡದು ಎನ್ನುತ್ತಾರೆ. ಇದನ್ನು ಹೇಳುವ ಹಿರಿಯರಿಗೆ ನಾವು ನೆನಪಿಸುವುದಿಷ್ಟೆ. 45 ದಾಟಿದ ಹೆಂಗಸರು ನಾಲ್ವರು ಜೊತೆಗೂಡಿದರೆ ಮಹ್ರಮ್ ಇಲ್ಲದೆ ಹಜ್‌ಗೆ ಹೋಗಬಹುದೆಂದು ನಮ್ಮ ದೇಶದ ಹಜ್ ನೀತಿ 2018ರಲ್ಲೇ ದಾರಿ ಮಾಡಿತು. 2021ರಲ್ಲಿ ಸೌದಿ ಸರಕಾರವೂ ಹೆಂಗಸರು ಗುಂಪಾಗಿ ಬಂದರೆ ಸಾಕು, ಗಂಡಸಿನ ಜೊತೆ ಕಡ್ಡಾಯವಲ್ಲ ಎಂದಿತು. ಗೆಳತಿಯರೇ ಗೆಳತಿಯರಿಗೆ ಕಾವಲು ಎಂಬುದನ್ನು ಸಮುದ್ರದಾಚೆಯ ಮಕ್ಕಾದವರೆಗಿನ ಸಫರಿಗೆ ಒಪ್ಪಿಕೊಂಡ ಮೇಲೆ, ಎರಡು ಬಸ್ಸು ಬದಲಿಸಿದರೆ ಸಿಗುವ ಭರಚುಕ್ಕಿಗೆ ಕಾಲೇಜಿನ ನಾಲ್ಕು ಹುಡುಗಿಯರು ಹೋಗಬಾರದು ಎನ್ನಲು ಯಾವ ಕಾರಣ ಉಳಿಯಿತು?

ಒಂದು ಆಕ್ಷೇಪವನ್ನು ಮಾತ್ರ ನಾವು ಗೌರವದಿಂದ ಕೇಳಬೇಕು. ಅದು ಜೀವಭಯದ್ದು. ನೀರು ಗೆಳೆತನಕ್ಕೆ ಮರುಗುವುದಿಲ್ಲ. 2022ರ ಏಪ್ರಿಲಿನಲ್ಲಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಕೇರಳದಿಂದ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಮೂವರು ಸಮುದ್ರದ ಪಾಲಾದರು. ಶಿವನಸಮುದ್ರದಲ್ಲಿ 19ನೇ ಶತಮಾನದ ಕಲ್ಲಿನ ವೆಸ್ಲಿ ಸೇತುವೆಯ ಒಂದು ಭಾಗವನ್ನೇ 2018ರ ಪ್ರವಾಹ ಕೊಚ್ಚಿಕೊಂಡು ಹೋಯಿತು. ಅಂಥ ನೀರಿನ ಮುಂದೆ ಸೆಲ್ಫಿಗೆ ನಿಲ್ಲುವ ಹುಡುಗರನ್ನು ಗದರಿಸುವವರ ಪಕ್ಷದಲ್ಲೇ ನಾವೂ ಇದ್ದೇವೆ. ಬಂಡೆಯ ಮೇಲೆ ಬಾಟಲಿ ಒಡೆದು, ಬಿರಿಯಾನಿ ತಿಂದ ಡಬ್ಬಿಯನ್ನು ನೀರಿಗೆಸೆದು ಬರುವವರು ಯಾವ ಧರ್ಮದವರಾದರೂ ದಂಡ ಕಟ್ಟಲಿ. ಆದರೆ ಮುಳುಗುವ ಭಯಕ್ಕೆ ಮದ್ದು ಎಚ್ಚರಿಕೆಯ ಫಲಕ, ಹಗ್ಗ, ಈಜು ಬಲ್ಲ ಕಾವಲಿನವರು ಮತ್ತು ಶಾಲೆಯಲ್ಲೇ ಈಜು ಕಲಿಸುವುದು. ಪ್ರವಾಸಿಗರ ಹೆಸರು ಕೇಳುವ ಗುಂಪುಗಳು ಇವತ್ತಿನವರೆಗೆ ಯಾರನ್ನಾದರೂ ನೀರಿನಿಂದ ಮೇಲೆತ್ತಿದ ಸುದ್ದಿ ನಾವಂತೂ ಓದಿಲ್ಲ.

ನಮ್ಮ ಜಿಲ್ಲೆಗೆ ಪ್ರವಾಸದ ಬೆಲೆ ಬೇರೆ ಜಿಲ್ಲೆಗಳಿಗಿಂತ ಚೆನ್ನಾಗಿ ಗೊತ್ತು. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂಬ ಮೂಢನಂಬಿಕೆಗೆ ಹೆದರಿ ಮುಖ್ಯಮಂತ್ರಿಗಳು ವರ್ಷಗಟ್ಟಲೆ ಇತ್ತ ಬರಲೇ ಇಲ್ಲ. ಸಿದ್ದರಾಮಯ್ಯನವರು 2013ರ ನಂತರ ಮತ್ತೆ ಮತ್ತೆ ಬಂದು, 2018ರವರೆಗೆ ಪೂರ್ತಿ ಐದು ವರ್ಷ ಆಳಿಯೂ ತೋರಿಸಿದರು. ಒಂದು ಊರಿಗೆ ಹೋಗಬಾರದು ಎಂಬ ಹೆದರಿಕೆ ಆ ಊರಿನ ಬಗ್ಗೆ ಏನನ್ನೂ ಹೇಳುವುದಿಲ್ಲ, ಹೆದರಿದವರ ಬಗ್ಗೆ ಹೇಳುತ್ತದೆ. ಇನ್ನೊಬ್ಬರ ಜೊತೆ ಹೋಗಬಾರದು ಎಂಬ ಹೆದರಿಕೆಯೂ ಇದೇ ಜಾತಿಯದು. ಅದೂ ಹೋಗಿ ನೋಡಿದವರಿಂದಲೇ ಕಳಚಬೇಕು.

ಹಾಗಾಗಿ ನಮ್ಮ ಬೇಡಿಕೆಗಳು ಸರಳವಾಗಿವೆ. ಪ್ರವಾಸೋದ್ಯಮದ ಹೆಸರಿನಲ್ಲಿ ರೆಸಾರ್ಟುಗಳಿಗೆ ಹಾಸುವ ಕೆಂಪು ಕಂಬಳಿಯ ಒಂದು ಮೊಳವನ್ನಾದರೂ ಬಡವರ ಮಕ್ಕಳಿಗೆ ಕೊಡಿ. ಶಿವನಸಮುದ್ರದಲ್ಲಿ, ಮಲ್ಪೆಯಲ್ಲಿ, ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿಗಳು ಕಡಿಮೆ ದುಡ್ಡಿಗೆ ಮಲಗಿ ಎದ್ದು ಹೋಗುವಂಥ ಸರಕಾರಿ ತಂಗುದಾಣಗಳು ಬರಲಿ. ಹುಡುಗಿಯರಿಗೆ ಬೇರೆ ಹಾಲ್ ಇರಲಿ, ಬಾಗಿಲಿಗೆ ಒಳಗಿನಿಂದ ಚಿಲಕವಿರಲಿ. ಧರ್ಮ ನೋಡಿ ರೂಮು ನಿರಾಕರಿಸಿದ ಲಾಡ್ಜಿನ ಪರವಾನಗಿ ರದ್ದಾಗಲಿ. ಕಡಲತೀರದಲ್ಲಿ ಹೆಸರು ಕೇಳಿ ಕೈಯೆತ್ತಿದವನ ಮೇಲೆ ಹಾಕುವ ಮೊಕದ್ದಮೆ ಸಾಕ್ಷಿಯಿಲ್ಲದೆ ಬಿದ್ದುಹೋಗದಂತೆ ಪೊಲೀಸರು ನಿಗಾ ವಹಿಸಲಿ, ಅವನು ಸೋಮೇಶ್ವರದವನಿರಲಿ, ಹಾನಗಲ್ಲಿನವನಿರಲಿ. ಶಾಲೆಗಳು ಮಕ್ಕಳನ್ನು ಟೂರಿಗೆ ಒಯ್ಯುವಾಗ ಬಸ್ಸಿನ ಸೀಟನ್ನು ಮಕ್ಕಳೇ ಆರಿಸಿಕೊಳ್ಳಲಿ. ಕಿಟಕಿಯ ಪಕ್ಕದ ಸೀಟಿಗೆ ಜಗಳವಾಡಿದವರೇ ಮುಂದೆ ಜೀವದ ಗೆಳೆಯರಾಗುತ್ತಾರೆ.

ಮತ್ತು ಮನೆಯಲ್ಲಿರುವ ನಾವು, ಅಪ್ಪ ಅಮ್ಮಂದಿರು, ಮಾಡಬೇಕಾದದ್ದು ಇನ್ನೂ ಸರಳ. ಮಗನೋ ಮಗಳೋ "ಫ್ರೆಂಡ್ಸ್ ಜೊತೆ ಹೋಗ್ಬರ್ತೀವಿ" ಎಂದಾಗ "ಯಾವ ಜನ ಅವರು?" ಎಂದು ಕೇಳುವ ಬದಲು "ಯಾವ ಬಸ್ಸಿಗೆ, ಯಾವತ್ತು ವಾಪಸು?" ಎಂದು ಕೇಳೋಣ. ನಾಲ್ಕು ರೊಟ್ಟಿ, ಒಂದಿಷ್ಟು ಚಟ್ನಿಪುಡಿ ಹೆಚ್ಚಿಗೆ ಕಟ್ಟಿಕೊಡೋಣ, ಜೊತೆಯವರಿಗೂ ಆಗುವಷ್ಟು.